ಮಾತು ಮುಗಿಸುವವಳು

ಜನವರಿ 9

ಅಮ್ಮಾ,

ಫೋನು ಮಾಡದೆ ಕಾಗದ ಬರೆಯುತ್ತಿದ್ದಾನಲ್ಲ, ಇವನಿಗೇನು ಬಂತು ಎಂದು ನಿನಗೆ ಅನ್ನಿಸಿರಬೇಕು. ಫೋನಿನಲ್ಲಾದರೆ ಮಾತನ್ನು ನಾನು ಶುರು ಮಾಡುತ್ತೇನೆ, ನೀನು ಮುಗಿಸುತ್ತೀಯ. ಕಾಗದದಲ್ಲಿ ನಾನು ನಿಲ್ಲಿಸುವ ತನಕ ನೀನು ಕಾಯಲೇಬೇಕು. ಈ ಉಪಾಯ ನನ್ನದಲ್ಲ. ಕಳೆದ ವರ್ಷದಿಂದ ಒಬ್ಬ ಕೌನ್ಸೆಲರ್ ಮೇಡಂ ಬಳಿ ಹೋಗುತ್ತಿದ್ದೇನೆ, ಅವರು ಹೇಳಿಕೊಟ್ಟದ್ದು. ಇದನ್ನು ನಿನಗೆ ಆಗಲೇ ತಿಳಿಸಲು ಹೊರಟಿದ್ದೆ. "ಕೌ... ಕೌ..." ಎಂದೆ. "ಕೌಂಟರಿಗೆ ಹಾಕಿದ್ರಾ? ಅಂತೂ ಆ ಹಿಂದಿನ ಕೋಣೆಯಿಂದ ಹೊರಗೆ ಬಂದ್ಯಲ್ಲ" ಎಂದು ನೀನೇ ಖುಷಿಪಟ್ಟೆ. ನಾನು ಹೂಂ ಎಂದುಬಿಟ್ಟೆ. ನಿನ್ನ ಸ್ಟುಡಿಯೋದವರೆಲ್ಲ ನನಗೆ ಶುಭಾಶಯ ಕಳಿಸಿದರು. ನಾನು ಈಗಲೂ ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಲ್ಲೇ ಗಾಜು ಉಜ್ಜುತ್ತಿದ್ದೇನಮ್ಮ.

ಈಗ ಬರೆಯುತ್ತಿರುವುದು ಬುಗುರಿಯ ವಿಷಯಕ್ಕೆ. ಮಗಳಿಗೆ ನಾಲ್ಕು ತುಂಬಿತು. ಇತ್ತೀಚೆಗೆ ಮಾತು ಸಿಕ್ಕಿಕೊಳ್ಳುತ್ತಿದೆ. ನೀನೂ ಗಮನಿಸಿದ್ದೀಯ, ಗಮನಿಸದಿರುವ ಕಿವಿ ನಿನ್ನದಲ್ಲ. ಕಳೆದ ಶನಿವಾರ ನಿನ್ನ ಮನೆಯಲ್ಲಿ ಅವಳು ಬಾಯಿ ತೆರೆದಾಗಲೆಲ್ಲ ಉಳಿದದ್ದನ್ನು ನೀನೇ ಹೇಳಿದೆ, "ಜಾಣೆ" ಎಂದು ಕೆನ್ನೆ ತಟ್ಟಿದೆ. ಭಾನುವಾರ ನಮ್ಮ ಮನೆಗೆ ಬಂದವಳು ನೀರು ಬೇಕಾದಾಗ ಬಾಯಿ ಬಿಟ್ಟು ಕೇಳಲಿಲ್ಲ, ಲೋಟ ತೋರಿಸಿದಳು. ಮರುದಿನವೂ ತೋರಿಸಿದಳು.

ಈ ವಯಸ್ಸಿನಲ್ಲಿ ಹಲವು ಮಕ್ಕಳಿಗೆ ಹೀಗಾಗುತ್ತದಂತೆ, ಎಷ್ಟೋ ಮಕ್ಕಳಿಗೆ ತಾನಾಗಿ ಹೋಗುತ್ತದಂತೆ. ಆದರೆ ಕೇಳುವವರು ಕಾಯಬೇಕಂತೆ. ಹೇಳಿಕೊಡಬಾರದು, ಮುಗಿಸಿಕೊಡಬಾರದು, ನಿಧಾನವಾಗಿ ಹೇಳು ಎಂದೂ ಅನ್ನಬಾರದು. ಅವಳ ಮುಖ ನೋಡಿಕೊಂಡು ಸುಮ್ಮನಿರಬೇಕು. ನಾನು ಹೋಗುವ ಕ್ಲಿನಿಕ್ಕಿನಲ್ಲೇ ಮಕ್ಕಳ ಮಾತಿನ ಚಿಕಿತ್ಸೆಗೆ ಒಬ್ಬರಿದ್ದಾರೆ, ಏಪ್ರಿಲ್‌ಗೆ ಸರದಿ ಸಿಕ್ಕಿದೆ. ಅಲ್ಲಿಯ ತನಕ ಮನೆಯವರೆಲ್ಲ ಇದನ್ನು ಪಾಲಿಸಬೇಕು, ನೀನೂ ಸೇರಿ. ಆಗುತ್ತದೆ ಎಂದು ನೀನು ಒಂದು ಮಾತು ಬರೆದರೆ ಮುಂದಿನ ಶನಿವಾರ ಎಂದಿನಂತೆ ಅವಳನ್ನು ತಂದು ಬಿಡುತ್ತೇನೆ. ಬರೆಯದಿದ್ದರೆ ಬಿಡಲಾರೆ. ಈ ಕೊನೆಯ ವಾಕ್ಯವನ್ನು ಬರೆದು, ಹರಿದು, ಮತ್ತೆ ಬರೆದಿದ್ದೇನೆ.

ನಿನ್ನ ಮಗ

ಜನವರಿ 15

ಮಗನೇ,

ನಿನ್ನ ಕಾಗದ ಸಿಕ್ಕಿತು. ಅಕ್ಷರ ದುಂಡಗಿದೆ. ಅದಕ್ಕೂ ನಿನ್ನ ಕೌನ್ಸೆಲರೇ ಕಾರಣವೋ, ಕೈ ಹಿಡಿದು ತಿದ್ದಿಸಿದವಳಿಗೂ ಅದರಲ್ಲಿ ಸ್ವಲ್ಪ ಪಾಲಿದೆಯೋ?

ಈ ಕೌನ್ಸೆಲರ್‌ಗಳು ಏನು ಮಾಡುತ್ತಾರೆ ಎಂದು ನಮ್ಮ ಸೌಂಡ್ ಇಂಜಿನಿಯರನ್ನು ಕೇಳಿದೆ. ಅವನ ತಂಗಿಯೂ ಯಾರ ಬಳಿಯೋ ಹೋಗುತ್ತಾಳಂತೆ. "ಏನಿಲ್ಲ ಮೇಡಂ, ನಾವು ಹೇಳ್ತಾ ಇರ್ಬೇಕು, ಅವ್ರು ಹೂಂ ಹೂಂ ಅಂತಿರ್ತಾರೆ" ಎಂದ. ಬರೀ ಹೂಂಗುಟ್ಟುವುದಕ್ಕೆ ಫೀಸು ಸಿಗುತ್ತದೆ ಎಂದು ಗೊತ್ತಿದ್ದರೆ ನಾನು ಗಂಟಲು ಹರಿದುಕೊಂಡು ಮೂವತ್ತು ವರ್ಷ ಡಬ್ಬಿಂಗ್ ಯಾಕೆ ಮಾಡುತ್ತಿದ್ದೆ. ನಿನ್ನ ಕೌನ್ಸೆಲರಿಗೆ ಹೂಂಗುಟ್ಟಮ್ಮ ಎಂದು ನಾಮಕರಣ ಮಾಡಿದ್ದೇನೆ, ತಿಳಿಸಿಬಿಡು.

ಕಾಯಬೇಕಂತೆ. ಕಾದರೆ ಏನಾಗುತ್ತದೆ ಎಂದು ನನಗೆ ಹೇಳಿಕೊಡುತ್ತೀಯಾ? ನಿಮ್ಮಪ್ಪನನ್ನು ನೀನು ನೋಡಿದ್ದು ಅವರು ಪೂರ್ತಿ ಸುಮ್ಮನಾದ ಮೇಲೆ. ನಾನು ಅದಕ್ಕೂ ಮೊದಲು ನೋಡಿದ್ದೇನೆ. ಆಫೀಸಿನ ಮೀಟಿಂಗಿನಲ್ಲಿ ಅವರ ಸರದಿ ಬಂತೆಂದರೆ ಜನ ಪೆನ್ನು ಕೆಳಗಿಟ್ಟು ಕಿಟಕಿ ನೋಡುತ್ತಿದ್ದರಂತೆ. ಕಾಯುತ್ತಿದ್ದರಪ್ಪ, ಚೆನ್ನಾಗಿಯೇ ಕಾಯುತ್ತಿದ್ದರು. ಅವರು ಹೊರಗೆ ಹೋದಮೇಲೆ ಅಣಕಿಸಿ ನಗುತ್ತಿದ್ದರು. ಕೊನೆಕೊನೆಗೆ ಬಸ್ಸಿನಲ್ಲಿ ಟಿಕೆಟ್ ಕೇಳಲು ಹೆದರಿ ನಡೆದುಕೊಂಡು ಬರುತ್ತಿದ್ದರು. ನಿನ್ನ ಬಾಯಿ ಸಿಕ್ಕಿಕೊಂಡ ಮೊದಲ ದಿನವೇ ನಾನು ತೀರ್ಮಾನಿಸಿದೆ, ಇವನು ಆ ನಗು ನೋಡಬಾರದು ಎಂದು. ಎದುರಿನವರ ತುಟಿ ಅಲುಗುವ ಮೊದಲೇ ನಿನ್ನ ಮಾತು ಮುಗಿಸುತ್ತಿದ್ದೆ. ಅದಕ್ಕೇ ನೀನು ಆ ನಗುವನ್ನು ನೋಡಿಯೇ ಇಲ್ಲ.

ಬುಗುರಿಗೆ ಆಗಿರುವುದು ಬರೀ ತೊದಲು. ಮನೆಯಲ್ಲಿ ಬೆಳಗಾದರೆ ನಿನ್ನ ಮಾತು ಕೇಳುತ್ತದೆ, ಇನ್ನೇನಾಗಬೇಕು ಆ ಮಗುವಿಗೆ. ನನ್ನ ಹತ್ತಿರ ಬಿಡು, ಸರಿ ಮಾಡಿ ಕೊಡುತ್ತೇನೆ. ಕ್ಲಿನಿಕ್ಕು, ಸರದಿ ಎಂದು ಹಣೆಗೆ ಚೀಟಿ ಅಂಟಿಸಬೇಡ.

ಶನಿವಾರ ಅವಳ ಹಾಸಿಗೆ ಹಾಸಿಡುತ್ತೇನೆ.

ಅಮ್ಮ

ಫೆಬ್ರವರಿ 6

ಅಮ್ಮಾ,

ಶನಿವಾರಗಳು ಕಳೆದವು, ನಾವು ಬರಲಿಲ್ಲ. ನೀನು ಫೋನು ಮಾಡಿದಾಗಲೆಲ್ಲ ನನ್ನ ಹೆಂಡತಿ ಎತ್ತಿ "ಅವ್ರು ಬರೀತಾರಂತೆ ಅತ್ತೆ" ಎಂದಳು. ಬರೆಯಲು ಇಷ್ಟು ದಿನ ಹಿಡಿಯಿತು.

ಆ ನಗು ನಾನು ನೋಡಿಲ್ಲ ಎಂದು ನೀನು ಬರೆದೆ. ನೋಡಿದ್ದೇನೆ. ನೀನೇ ಕರೆದುಕೊಂಡು ಹೋಗಿ ತೋರಿಸಿದ್ದೀಯ. ನಾನಾಗ ಮೂರನೇ ಕ್ಲಾಸು. ಹೋಟೆಲಿನಲ್ಲಿ ಲೋಟ ಒಡೆಯುವ ಉಗ್ಗು ಹುಡುಗನ ಪಾತ್ರಕ್ಕೆ ನೀನು ದನಿ ಕೊಟ್ಟಿದ್ದ ಸಿನಿಮಾ. ಕತ್ತಲಲ್ಲಿ ಆ ಹುಡುಗ ಬಾಯಿ ತೆರೆದ, ಒಳಗಿನಿಂದ ನಾನು ಹೊರಬಂದೆ. "ಪ" ಹತ್ತಿರ ತುಟಿ ಅಂಟಿಕೊಳ್ಳುವುದು, ಆಮೇಲೆ ಉಸಿರು ಸಿಡಿಯುವುದು, ಎಲ್ಲಾ ನನ್ನದೇ. ಇಡೀ ಥಿಯೇಟರ್ ಹೊಟ್ಟೆ ಹಿಡಿದುಕೊಂಡು ನಕ್ಕಿತು. ನೀನು ನನ್ನ ಕೈ ಅದುಮಿ "ನೋಡು, ಹೆಂಗೆ ನಗ್ತಿದಾರೆ" ಎಂದೆ. ನಿನಗೆ ಎಷ್ಟು ಸಂತೋಷವಾಗಿತ್ತು ಎಂದರೆ ನಾನೂ ನಕ್ಕೆ. ಶಾಲೆಯಲ್ಲಿ ಮುಂದೆ ಹೈಸ್ಕೂಲು ಮುಗಿಯುವವರೆಗೆ ನನ್ನನ್ನು ಆ ಪಾತ್ರದ ಹೆಸರಿನಿಂದಲೇ ಕರೆದರು.

ಇದನ್ನು ಮೊದಲ ಬಾರಿ ಹೇಳಿದ್ದು ಮೇಡಂ ಎದುರು. ಅವರು ಹೂಂ ಎನ್ನಲೂ ಇಲ್ಲ. ಸುಮ್ಮನೆ ಕೂತಿದ್ದರು. ಕೊನೆಗೆ "ಆವತ್ತು ಅಮ್ಮಂಗೆ ಏನು ಹೇಳ್ಬೇಕು ಅನ್ನಿಸಿತ್ತು?" ಎಂದು ಕೇಳಿದರು. ನನಗೆ ಗೊತ್ತೇ ಇಲ್ಲದ ಉತ್ತರ ಬಾಯಿಂದ ಬಂತು. "ಅದು ನನ್ದು, ವಾಪಸ್ ಕೊಡು." ಹೇಳಲು ತುಂಬ ಹೊತ್ತು ಹಿಡಿಯಿತು. ಹೊರಗೆ ಕಾಯುತ್ತಿದ್ದ ಮುಂದಿನವರು ಬಾಗಿಲು ತಟ್ಟಿದರೂ ಅವರು ಏಳಲಿಲ್ಲ.

ಅಲ್ಲಿ ಹೋದರೆ ಉಗ್ಗು ಹೋಗುತ್ತದೆ ಎಂದು ತಿಳಿಯಬೇಡ. ಹೋಗಿಲ್ಲ. ಹೋಗಿರುವುದು ಬೇರೆ. ಅಂಗಡಿಯಲ್ಲಿ ಬೇಕಾದದ್ದನ್ನು ಬಿಟ್ಟು ಬಾಯಿಗೆ ಬರುವುದನ್ನು ಕೇಳುತ್ತಿದ್ದೆ. ಈಗ ಬೇಕಾದದ್ದನ್ನೇ ಕೇಳುತ್ತೇನೆ, ಅವರು ಕಾಯುತ್ತಾರೆ. ಮೊನ್ನೆ ಹೆಂಡತಿಯೊಂದಿಗೆ ಜಗಳವಾಯಿತು. ಮದುವೆಯಾದ ಮೇಲೆ ಮೊದಲ ಬಾರಿ ಕೊನೆಯ ತನಕ ಜಗಳವಾಡಿದೆ. ನಾನು ಬೈದು ಮುಗಿಸುವಷ್ಟರಲ್ಲಿ ಅವಳಿಗೆ ನಗು ಬಂತು. "ಸದ್ಯ, ಇಷ್ಟು ವರ್ಷ ಗೋಡೆ ಜೊತೆ ಜಗಳ ಆಡಿ ಸಾಕಾಗಿತ್ತು" ಎಂದಳು. ನಾನು ಸುಮ್ಮನಿರುವುದನ್ನು ಅವಳು ಇಷ್ಟು ದಿನ ತಾತ್ಸಾರ ಎಂದುಕೊಂಡಿದ್ದಳಂತೆ.

ಕುಟುಂಬದವರೂ ಒಮ್ಮೆ ಬಂದು ಕೂರಬಹುದು ಎಂದಿದ್ದಾರೆ ಮೇಡಂ. ಒಂದೇ ಒಂದು ಸಲ ಬರುತ್ತೀಯಾ? ನಾನು ಮಾತನಾಡುತ್ತೇನೆ, ನೀನು ಕೇಳಬೇಕು. ಅಷ್ಟೇ ಕೆಲಸ.

ನಿನ್ನ ಮಗ

ಫೆಬ್ರವರಿ 14

ಮಗನೇ,

ಆ ಹೋಟೆಲ್ ಹುಡುಗನ ಪಾತ್ರ ಸಿಗದಿದ್ದರೆ ನಿನ್ನ ಕೈಯಲ್ಲಿ ಪುಸ್ತಕ ಇರುತ್ತಿರಲಿಲ್ಲ, ಲೋಟವೇ ಇರುತ್ತಿತ್ತು. ನಿಮ್ಮಪ್ಪ ಮನೆಯಲ್ಲಿ ಗೋಡೆಗೆ ಒರಗಿ ಕೂತಿದ್ದ ವರ್ಷ ಅದು. ನನ್ನ ಹತ್ತಿರ ಇದ್ದದ್ದು ಒಂದು ಗಂಟಲು, ಎರಡು ಕಿವಿ. ಕಿವಿಗೆ ಬಿದ್ದದ್ದನ್ನು ಮಾರಿದೆ. ವಾಪಸ್ ಬೇಕಂತೆ. ತಗೋ ಮಹರಾಯ, ನನ್ನ ಹತ್ತಿರ ಇಟ್ಟುಕೊಂಡು ನಾನೇನು ಮಾಡಲಿ.

ನೀನು ಹೆಂಡತಿಯ ಜೊತೆ ಜಗಳವಾಡಿದ್ದನ್ನು ಪದಕ ಬಂದವನಂತೆ ಬರೆದಿದ್ದೀಯ. ಓದಿ ನಗು ಬಂತು. ಹೆಂಡತಿ ನಕ್ಕದ್ದು ನಿನ್ನ ಮಾತಿಗೋ, ಮಾತು ಬಂದ ರೀತಿಗೋ, ಹೂಂಗುಟ್ಟಮ್ಮನನ್ನು ಒಮ್ಮೆ ಕೇಳಿ ನೋಡು.

ನಾನು ಅಲ್ಲಿಗೆಲ್ಲ ಬರುವುದಿಲ್ಲ. ಹೆತ್ತವಳನ್ನು ಬೆಂಚಿನ ಮೇಲೆ ನಿಲ್ಲಿಸಿ ಮಾತು ಕೇಳಿಸುವ ಶಾಲೆ ನನಗೆ ಬೇಡ. ಮೊಮ್ಮಗಳನ್ನು ಒತ್ತೆ ಇಟ್ಟುಕೊಂಡು ಪತ್ರ ಬರೆಯುವವರನ್ನು ಏನೆಂದು ಕರೆಯುತ್ತಾರೆ ಎಂದು ನಾನು ಬಾಯಿ ಬಿಟ್ಟು ಹೇಳಬೇಕಾಗಿಲ್ಲ. ಪಕ್ಕದ ಮನೆಯವಳು ದಿನಾ ಕೇಳುತ್ತಾಳೆ, ಪುಟಾಣಿ ಯಾಕೆ ಬರ್ತಿಲ್ಲ ಅಂತ. ಜ್ವರ ಎಂದು ಹೇಳಿದ್ದೇನೆ. ಎಷ್ಟು ದಿನ ಅಂತ ಆ ಮಗುವಿಗೆ ಜ್ವರ ಬರಿಸಲಿ.

ಅಮ್ಮ

ಮಾರ್ಚ್ 20

ಪುಟ್ಟಾ,

ಕೋಪವೆಲ್ಲ ಇಳಿಯಿತು. ಅಮ್ಮನಾದವಳು ಎಷ್ಟು ದಿನ ಮುಖ ಊದಿಸಿಕೊಂಡು ಇರಲಾದೀತು. ಇದರ ಜೊತೆ ಬುಗುರಿಗೆ ಒಂದು ಪೆಟ್ಟಿಗೆ ಕಳಿಸಿದ್ದೇನೆ. ಉಣ್ಣೆಯ ಟೋಪಿ, ಬಣ್ಣದ ಕಡ್ಡಿ, ನಾನೇ ಓದಿ ರೆಕಾರ್ಡ್ ಮಾಡಿದ ಕಥೆಗಳು. ಅಳಿಲಿಗೆ ಒಂದು ದನಿ, ಕರಡಿಗೆ ಒಂದು. ಸ್ಟುಡಿಯೋದಲ್ಲಿ ಎಲ್ಲರೂ ಹೋದಮೇಲೆ ಸೌಂಡ್‌ನವನನ್ನು ಕಾಡಿಬೇಡಿ ಮಾಡಿಸಿದೆ. ಅವಳು ನನ್ನ ದನಿ ಮರೆಯಬಾರದು.

ನಿನ್ನ ಕ್ಲಾಸುಗಳು ಹೇಗೆ ನಡೆದಿವೆ? ಏಪ್ರಿಲ್‌ಗೆ ಮಗುವಿನ ಸರದಿ ಎಂದಿದ್ದೆ. ಅಂಥ ಕಡೆ ಗಲಾಟೆ ಜಾಸ್ತಿಯಂತೆ, ಇದ್ದ ಸರದಿ ಇದ್ದ ಹಾಗೇ ಇರುತ್ತದೆ ಎನ್ನುವಂತಿಲ್ಲವಂತೆ. ತಪ್ಪಿದರೆ ತಪ್ಪಿತು, ಮನಸ್ಸಿಗೆ ಹಚ್ಚಿಕೊಳ್ಳಬೇಡ. ಆಗುವುದೆಲ್ಲ ಒಳ್ಳೆಯದಕ್ಕೇ.

ಸೊಸೆಗೂ ಕೇಳಿದೆ ಎಂದು ಹೇಳು.

ಪ್ರೀತಿಯಿಂದ,
ಅಮ್ಮ

ಏಪ್ರಿಲ್ 3

ಅಮ್ಮಾ,

ಕ್ಲಿನಿಕ್ಕಿನಿಂದ ಈಗಷ್ಟೇ ಬಂದೆವು. ಬುಗುರಿ ಹೊಸ ಚಪ್ಪಲಿ ಹಾಕಿಕೊಂಡು ಹೊರಟಿದ್ದಳು. ಕೌಂಟರಿನ ಹುಡುಗಿ ನಮ್ಮನ್ನು ನೋಡಿ ಗಾಬರಿಯಾದಳು. "ನೀವೇ ಬೇಡ ಅಂದ್ರಲ್ಲ ಸರ್, ಬೇರೆ ಮಗೂಗೆ ಕೊಟ್ಬಿಟ್ವಿ" ಎಂದಳು. ನನ್ನ ಸರದಿಯೂ ಹೋಗಿತ್ತು. ಬಾಗಿಲು ಮುಚ್ಚಿದ ಮೇಲೆ ಬರುವ ಕರೆಗಳು ಅವರ ಯಂತ್ರದಲ್ಲಿ ಉಳಿದಿರುತ್ತವೆ. ಮೇಡಂ ನಮ್ಮನ್ನು ಒಳಗೆ ಕರೆದು ಅದನ್ನು ಹಾಕಿ ಕೇಳಿಸಿದರು.

ನಾನು ನನ್ನನ್ನೇ ಕೇಳಿದೆ. ಶುರುವಿಗೆ ಉಸಿರು ಎಳೆದುಕೊಳ್ಳುವುದು ನನ್ನದು. "ಮ" ಹತ್ತಿರ ತಡೆಯುವುದು ನನ್ನದು, ತಡೆದಾಗ ಗಂಟಲಿನಲ್ಲಿ ಬರುವ ಆ ಸಣ್ಣ ಸದ್ದೂ ನನ್ನದು. "ಮ-ಮ-ಮಗೂಗೂ ಬೇಡ, ನನಗೂ ಬೇಡ, ನ-ನಮ್ಮ ಸರದಿ ಬೇರೆಯವ್ರಿಗೆ ಕೊಡಿ." ಹೆಂಡತಿ ನನ್ನ ಮುಖ ನೋಡಿದಳು. ಅವಳು ನೋಡಿದ ರೀತಿ ಹೇಗಿತ್ತೆಂದರೆ, ನಾನೇ ಮಾಡಿ ಮರೆತೆನೇನೋ ಎಂದು ಒಂದು ಕ್ಷಣ ನನಗೂ ಅನ್ನಿಸಿತು. ಮೇಡಂ ಇನ್ನೊಮ್ಮೆ ಹಾಕಿದರು. ಆಗ ಗೊತ್ತಾಯಿತು.

ಆ ದನಿ ಮೊದಲು ನನ್ನ ಹೆಸರು ಹೇಳಿತ್ತು. ಒಂದೇ ಉಸಿರಿಗೆ, ಸರಾಗವಾಗಿ, ಎಲ್ಲೂ ತಡೆಯದೆ. ನಾನು ಹುಟ್ಟಿದಾಗಿನಿಂದ ನನ್ನ ಹೆಸರನ್ನು ಹಾಗೆ ಹೇಳಿಲ್ಲ ಅಮ್ಮಾ. ನನ್ನಂಥ ಎಷ್ಟೋ ಜನರಿಗೆ ಎಲ್ಲಕ್ಕಿಂತ ಕಷ್ಟದ ಮಾತು ತಮ್ಮ ಹೆಸರೇ. ಬೇರೆ ಮಾತಿಗೆ ಬದಲಿ ಸಿಗುತ್ತದೆ, ಹೆಸರಿಗೆ ಸಿಗುವುದಿಲ್ಲ. ಕನ್ನಡಿ ಎದುರು ನಿಂತು ಹೇಳಿದರೂ ಬೆವರುತ್ತೇನೆ. ಇದು ನಿನಗೆ ಗೊತ್ತಿಲ್ಲ. ಗೊತ್ತಾಗುವುದಾದರೂ ಹೇಗೆ? "ಏನಪ್ಪಾ ನಿನ್ನ ಹೆಸರು" ಎಂದು ಯಾರು ನನ್ನ ಗಲ್ಲ ಹಿಡಿದು ಕೇಳಿದರೂ ಉತ್ತರ ಕೊಟ್ಟವಳು ನೀನು. ನಾನು ನನ್ನ ಹೆಸರು ಹೇಳುವುದನ್ನು ನೀನು ಒಮ್ಮೆಯೂ ಕೇಳಿಲ್ಲ. ಉಳಿದದ್ದೆಲ್ಲ ಕದ್ದೆ, ಅದೊಂದು ನಿನಗೆ ಸಿಕ್ಕಿರಲಿಲ್ಲ.

ಬುಗುರಿಗೆ ಇನ್ನು ಸರದಿ ಬರುವುದು ಯಾವಾಗಲೋ. ವಾಪಸು ಬರುವಾಗ ದಾರಿಯುದ್ದಕ್ಕೂ ಅವಳು ಏನೋ ಕೇಳಲು ನೋಡಿದಳು, ನಾವಿಬ್ಬರೂ ಕಾದೆವು, ಕೊನೆಗೆ ಅವಳೇ ಕೈಬಿಟ್ಟಳು.

ನೀನು ಅವಳನ್ನು ನೋಡುವುದಿಲ್ಲ. ಎಲ್ಲಿಯ ತನಕ ಎಂದು ಕೇಳಬೇಡ. ಕ್ಲಿನಿಕ್ಕಿಗೆ ಇನ್ನೊಮ್ಮೆ ನನ್ನ ದನಿಯಲ್ಲಿ ಕರೆ ಬಂದರೆ ಹೆಸರು ಕೇಳುತ್ತಾರೆ. ನೀನು ಇನ್ನು ಅಭ್ಯಾಸ ಮಾಡಿಕೊಂಡರೂ ಪ್ರಯೋಜನವಿಲ್ಲ, ನಾವು ಗುರುತಿನ ಮಾತೊಂದನ್ನು ಇಟ್ಟುಕೊಂಡಿದ್ದೇವೆ.

ನಿನ್ನ ಮಗ

ಏಪ್ರಿಲ್ 11

ಮಗನೇ,

ಹೌದು, ನಾನೇ. ಕಳ್ಳಿಯ ಹಾಗೆ ಅಡಗಿ ಕೂರುವ ಜಾಯಮಾನ ನನ್ನದಲ್ಲ. ಮತ್ತೊಮ್ಮೆ ಮಾಡಬೇಕಾಗಿ ಬಂದರೂ ಮಾಡುತ್ತೇನೆ. ನಾಲ್ಕು ವರ್ಷದ ಮಗುವನ್ನು ಬಿಳಿ ಗೋಡೆಯ ಕೋಣೆಯಲ್ಲಿ ಕೂರಿಸಿ, ನಿನ್ನ ಬಾಯಿಯಲ್ಲಿ ಏನೋ ಐಬಿದೆ ಎಂದು ತಿಳಿಸಿ ಹೇಳುವ ಕೆಲಸವನ್ನು ಯಾರಾದರೂ ನಿಲ್ಲಿಸಬೇಕಿತ್ತು. ನಿಮ್ಮಪ್ಪನಿಗೆ ಅದು ತಿಳಿಯದೇ ಇದ್ದಷ್ಟು ದಿನ ಅವರು ಹಾಡು ಕೂಡ ಹೇಳುತ್ತಿದ್ದರು.

ಮೂವತ್ತು ವರ್ಷದಲ್ಲಿ ನನ್ನ ಕೆಲಸದಲ್ಲಿ ಲೋಪ ಹುಡುಕಿದವನು ನೀನೊಬ್ಬನೇ. ಎಡವಬೇಕಾದ ಕಡೆ ಎಡವಲಿಲ್ಲ ಎಂದು ಸಿಕ್ಕಿಬಿದ್ದ ಕಲಾವಿದೆ ಪ್ರಪಂಚದಲ್ಲಿ ನಾನೊಬ್ಬಳೇ ಇರಬೇಕು. ಆ ಹೆಸರನ್ನು ಇಟ್ಟವಳು ನಾನು. ತೊಟ್ಟಿಲಿನ ಮೇಲೆ ಬಗ್ಗಿ ಎಷ್ಟು ಸಲ ಕರೆದಿದ್ದೇನೋ ಲೆಕ್ಕವಿಲ್ಲ. ನಿನ್ನ ದನಿ ಮಾಡಿಕೊಂಡು ಫೋನಿನ ಮುಂದೆ ಕೂತಾಗಲೂ ಅದು ಇಡಿಯಾಗಿ ಬಾಯಿಗೆ ಬಂತು. ಒಡೆಯಬೇಕೆಂದು ಹೊಳೆಯಲೇ ಇಲ್ಲ. ಇದನ್ನು ನೀನು ಕಳ್ಳತನದ ಪುರಾವೆ ಎನ್ನುತ್ತೀಯ. ಆಗಲಿ.

ನಿನಗೆ ನೆವ ಬೇಕಿತ್ತು, ಸಿಕ್ಕಿತು. ಹೂಂಗುಟ್ಟಮ್ಮ ನಿನಗೆ ಬಾಯಿ ಬರಿಸಿದ್ದಾಳೆ, ಒಪ್ಪಿದೆ. ಅದು ಮೊದಲು ಕಚ್ಚಿದ್ದು ಯಾರನ್ನು ಎಂದೂ ಅವಳಿಗೆ ಹೇಳು. ನಿನ್ನನ್ನು ನೋಡದಿದ್ದರೆ ನಾನು ಬದುಕುತ್ತೇನೆ, ಆ ಮಗುವನ್ನು ನೋಡದೆ ಹೇಗೆ ಎಂದು ಗೊತ್ತಾಗುತ್ತಿಲ್ಲ. ಇದನ್ನು ಬರೆಯಬಾರದು ಎಂದುಕೊಂಡಿದ್ದೆ.

ಅಮ್ಮ

ಜುಲೈ 18

ಅಮ್ಮಾ,

ಆಮೇಲೆ ನೀನು ಬರೆದ ಮೂರು ಕಾಗದಗಳಿಗೆ ನಾನು ಉತ್ತರಿಸಲಿಲ್ಲ. ಓದಿದ್ದೇನೆ. ಹಾಸಿಗೆ ಹಾಸಿ, ಮಡಚಿ, ಮತ್ತೆ ಹಾಸುತ್ತೇನೆ ಎಂದು ಬರೆದದ್ದನ್ನೂ ಓದಿದೆ.

ಬುಗುರಿಗೆ ಜೂನ್‌ನಲ್ಲಿ ಸರದಿ ಸಿಕ್ಕಿತು. ಬಿಳಿ ಗೋಡೆಯ ಕೋಣೆಯಲ್ಲಿ ಅವಳಿಗೆ ಯಾರೂ ಏನೂ ತಿಳಿಸಿ ಹೇಳುವುದಿಲ್ಲ. ಆಟವಾಡಿಸುತ್ತಾರೆ. ಪಾಠ ನಡೆಯುವುದು ನಮಗೆ. ಎಷ್ಟು ಬೇಗ ಮಾತನಾಡುತ್ತೇವೆ, ಎಷ್ಟು ಪ್ರಶ್ನೆ ಕೇಳುತ್ತೇವೆ ಎಂದು ತೋರಿಸಿಕೊಡುತ್ತಾರೆ. ಕೆಲವು ದಿನ ಮಾತು ಸರಾಗ, ಕೆಲವು ದಿನ ಇಲ್ಲ. ಲೋಟ ತೋರಿಸುವುದನ್ನು ಬಿಟ್ಟಿದ್ದಾಳೆ. ಸಿಕ್ಕಿಕೊಂಡೇ ಕೇಳುತ್ತಾಳೆ.

ನಾನೀಗ ನಿಜವಾಗಿಯೂ ಕೌಂಟರಿಗೆ ಬಂದಿದ್ದೇನೆ. ಯಜಮಾನರ ಹತ್ತಿರ ನಾನೇ ಹೋಗಿ ಕೇಳಿದೆ. ಕಣ್ಣು ಪರೀಕ್ಷೆಗೆ ಬಂದವರಿಗೆ ಮೊದಲೇ ಹೇಳುತ್ತೇನೆ, "ನಂಗೆ ಉಗ್ಗಿದೆ, ಸ್ವಲ್ಪ ಕಾಯ್ಬೇಕಾಗುತ್ತೆ." ಕೆಲವರು ನಗುತ್ತಾರೆ. ನಕ್ಕವರ ಕಣ್ಣಿಗೂ ಗಾಜು ಇಟ್ಟು ಇದು ಸ್ಪಷ್ಟವೋ ಅದು ಸ್ಪಷ್ಟವೋ ಎಂದು ಕೇಳುತ್ತೇನೆ. ಆ ನಗುವಿಗೆ ಜನ ಸಾಯುವುದಿಲ್ಲ ಅಮ್ಮಾ. ಅಪ್ಪ ಸತ್ತದ್ದು ಅದರಿಂದಲ್ಲ ಎಂದು ಈಚೆಗೆ ಅನ್ನಿಸುತ್ತದೆ. ಮನೆಯಲ್ಲೂ ಅವರ ಮಾತನ್ನು ಯಾರೂ ಕಾದು ಕೇಳಲಿಲ್ಲ.

ನಿನ್ನ ಮೇಲಿನ ಸಿಟ್ಟು ಹೋಗಿದೆ. ಸಿಟ್ಟಿದ್ದ ಜಾಗದಲ್ಲಿ ಈಗ ಏನಿದೆ ಎಂದು ಮೇಡಂ ಕೇಳಿದರು. ಪ್ರಾಮಾಣಿಕವಾಗಿ ಹುಡುಕಿದೆ. ಹೆಚ್ಚೇನೂ ಸಿಗಲಿಲ್ಲ. ಇದನ್ನು ನೋಯಿಸಲು ಬರೆಯುತ್ತಿಲ್ಲ, ಇರುವುದನ್ನು ಬರೆಯುತ್ತಿದ್ದೇನೆ.

ಆದರೆ ಬುಗುರಿ ನಿನಗೆ ಮೊಮ್ಮಗಳು. ನನ್ನ ಲೆಕ್ಕವನ್ನು ಅವಳ ಮೇಲೆ ಹಾಕಲಾರೆ. ಆಗಸ್ಟ್ ಮೊದಲ ಭಾನುವಾರ ಸಂಜೆ ನಮ್ಮ ಮನೆಗೆ ಬಾ. ಒಂದು ಗಂಟೆ. ನಾವಿಬ್ಬರೂ ಕೋಣೆಯಲ್ಲೇ ಇರುತ್ತೇವೆ. ಅವಳ ಮಾತನ್ನು ಮುಗಿಸಬಾರದು, ತಿದ್ದಬಾರದು, ಸುಳಿವು ಕೊಡಬಾರದು. ನಾವೂ ಕೊಡುವುದಿಲ್ಲ. ಒಂದು ಸಲ ತಪ್ಪಿದರೂ ಅಲ್ಲಿಗೆ ನಿಲ್ಲಿಸುತ್ತೇನೆ.

ನಿನ್ನ ಮಗ

ಆಗಸ್ಟ್ 5

ಪುಟ್ಟಾ,

ಒಂದು ಸಲವೂ ತಪ್ಪಲಿಲ್ಲ, ನೀನೇ ಸಾಕ್ಷಿ.

ನಾನು ಹೇಗೆ ಕೂತಿದ್ದೆ ಎಂದು ನಿನಗೆ ಗೊತ್ತಿಲ್ಲ. ಮೆಟ್ಟಿಲು ಹತ್ತುವಾಗಲೇ ನಾಲಿಗೆಯನ್ನು ಹಲ್ಲಿನ ನಡುವೆ ಇಟ್ಟುಕೊಂಡಿದ್ದೆ. ಅವಳು ಎಷ್ಟು ಉದ್ದವಾಗಿದ್ದಾಳೆ, ಮುಂದಿನ ಹಲ್ಲಿನ ಸಂದು ಥೇಟ್ ನಿನ್ನದೇ. ನನ್ನನ್ನು ನೋಡಿ "ಅ" ಎಂದು ನಿಂತಳು. ಅಜ್ಜಿ ಎನ್ನುವುದಕ್ಕೆ ಎಷ್ಟು ಹೊತ್ತು ಬೇಕು. ನನ್ನ ಬಾಯಿಯೊಳಗೆ ಆ ಮಾತು ತಯಾರಾಗಿ ನಿಂತಿತ್ತು, ತಳ್ಳಿದರೆ ಬೀಳುವಂತೆ. ನಾನು ಕಾದೆ. ಅವಳ ಕುತ್ತಿಗೆಯ ನರ ಉಬ್ಬಿದ್ದು ನೋಡುತ್ತಾ ಕಾದೆ. ಆಮೇಲೆ ಅವಳು ಬಾಯಿ ಮುಚ್ಚಿಕೊಂಡು, ಮರದ ತುಂಡುಗಳನ್ನು ಒಂದರ ಮೇಲೊಂದು ಜೋಡಿಸುತ್ತಾ, ನಿನ್ನ ಕಡೆ ತಿರುಗಿ "ಇವ್ರಿಗೆ ಮಾತು ಬರಲ್ವಾ?" ಎಂದಳು. ಒಂದಕ್ಷರವೂ ಸಿಕ್ಕಿಕೊಳ್ಳಲಿಲ್ಲ. ನಿನ್ನ ಹೆಂಡತಿ ಅಡುಗೆಮನೆಗೆ ಓಡಿದ್ದು ನಗುವುದಕ್ಕೆ ಎಂದು ನನಗೆ ಗೊತ್ತು. ನನಗೂ ನಗು ಬಂತು. ನಾಡಿನ ಮಕ್ಕಳೆಲ್ಲ ನನ್ನ ದನಿ ಕೇಳಿ ಊಟ ಮಾಡಿದ್ದಾರೆ, ನನ್ನ ಮೊಮ್ಮಗಳು ನನ್ನನ್ನು ಮೂಗಿ ಎಂದುಕೊಂಡಳು.

ಇನ್ನೊಂದು ಬರೆಯಬೇಕು. ನಡುವೆ ನಿನಗೆ ಅಂಗಡಿಯಿಂದ ಫೋನು ಬಂತು. ಆ ಕಡೆಯವರು ಯಾರು ಮಾತಾಡುತ್ತಿರುವುದು ಎಂದು ಕೇಳಿರಬೇಕು. ನೀನು ಗೋಡೆ ಕಡೆ ತಿರುಗಿ ನಿನ್ನ ಹೆಸರು ಹೇಳಿದೆ. ನಿಂತೆ, ಮತ್ತೆ ಮೊದಲಿನಿಂದ ಹಿಡಿದೆ, ಮತ್ತೆ ನಿಂತೆ, ಹೆಗಲು ಅಲುಗಿತು. ಚೆನ್ನಾಗಿತ್ತು ಎಂದು ಸುಳ್ಳು ಹೇಳಲಾರೆ. ಕೇಳಲಾಗದೆ ಎದ್ದು ಬಾಲ್ಕನಿಗೆ ಹೋದೆ. ನಾನು ಇಟ್ಟ ಹೆಸರು ನಿನಗೆ ಇಷ್ಟು ಭಾರವಾಗಿತ್ತು ಎಂದು ತಿಳಿದಿರಲಿಲ್ಲ. ಒಣಗಿಹಾಕಿದ ಬಟ್ಟೆಗಳ ನಡುವೆ ನಿಂತು ಅತ್ತೆ. ನೀನು ನೋಡಿರಲಿಲ್ಲ, ಅದಕ್ಕೆ ಹೇಳುತ್ತಿದ್ದೇನೆ.

ಬಸ್ಸಿನಲ್ಲಿ ನಾಲಿಗೆಯಲ್ಲಿ ರಕ್ತದ ರುಚಿ ಇತ್ತು. ಇಷ್ಟು ದಿನ ಇದು ಎರಡು ಬಿಡಿಗಾಸಿನ ವಿದ್ಯೆ ಎಂದು ನಿನ್ನ ಮೇಡಂ ಅನ್ನು ಹಾಸ್ಯ ಮಾಡಿದೆ. ಸುಮ್ಮನಿರುವುದು ಸುಲಭದ ಕೆಲಸವಲ್ಲ. ಇನ್ನು ಹೂಂಗುಟ್ಟಮ್ಮ ಎನ್ನುವುದಿಲ್ಲ.

ಮುಂದಿನ ಭಾನುವಾರವೂ ಬರಲೇ? ನೀನು ತೀರ್ಮಾನಿಸಬೇಡ, ಮೇಡಂ ಅನ್ನೂ ಕೇಳಬೇಡ. ಬುಗುರಿಯನ್ನು ಕೇಳು. ಅವಳು ಏನು ಹೇಳುತ್ತಾಳೋ ಅದನ್ನು ಹಾಗೇ ಬರೆ. ಅಳಿಲಿನ ಕಥೆ ಹೇಳುವ ಅಜ್ಜಿ ಎಂದು ನೆನಪಿಸಿದರೆ ತಪ್ಪಿಲ್ಲ ತಾನೇ? ಅಥವಾ ಬೇಡ, ನೆನಪಿಸಬೇಡ. ಅದೂ ಸುಳಿವಾಗುತ್ತದೆ.

ಕಾಯುತ್ತಿರುವ,
ಅಮ್ಮ

ಆಗಸ್ಟ್ 8

ಅಮ್ಮಾ,

ನೀನು ಹೇಳಿದಂತೆ ಅವಳನ್ನೇ ಕೇಳಿದೆ. ಊಟಕ್ಕೆ ಕೂತಿದ್ದೆವು. "ಮೊನ್ನೆ ಬಂದಿದ್ರಲ್ಲ ಅಜ್ಜಿ, ಮತ್ತೆ ಬರ್ಲಾ ಅಂತ ಕೇಳ್ತಿದಾರೆ" ಎಂದೆ.

ಅವಳು ಚಮಚ ಕೆಳಗಿಟ್ಟಳು. "ಬ... ಬ..." ಎಂದು ಅಲ್ಲೇ ನಿಂತಳು. ಇಷ್ಟು ಹೊತ್ತು ಅವಳು ಎಂದೂ ನಿಂತಿರಲಿಲ್ಲ. ನನ್ನ ಹೆಂಡತಿ ತಟ್ಟೆ ನೋಡುತ್ತಿದ್ದಳು. ನಿನ್ನ ಕಾಗದ ನನ್ನ ಜೇಬಿನಲ್ಲಿತ್ತು, ಬಾಲ್ಕನಿಯ ವಿಷಯವನ್ನು ಓದಿದಾಗಿನಿಂದ ನನಗೂ ಏನೋ ಆಗಿತ್ತು. ಬರಲಿ ಎನ್ನುವ ಮಾತು ನನ್ನ ನಾಲಿಗೆಯ ತುದಿಗೆ ಬಂದು ಕೂತಿತ್ತು. ನಾನು ಅದನ್ನು ಹೇಳಿಬಿಟ್ಟಿದ್ದರೆ ಅವಳು ತಲೆಯಾಡಿಸಿ ಊಟಕ್ಕೆ ಹೊರಳುತ್ತಿದ್ದಳು, ನೀನು ಈ ಭಾನುವಾರ ಬಸ್ಸು ಹತ್ತುತ್ತಿದ್ದೆ. ಯಾರಿಗೂ ಯಾವ ನಷ್ಟವೂ ಆಗುತ್ತಿರಲಿಲ್ಲ.

ನಾನು ಅವಳ ಮುಖ ನೋಡಿಕೊಂಡು ಕಾದೆ.

"ಬೇಡ" ಎಂದಳು.

"ಹೇಳಿದ್ದು ಒಳ್ಳೇದಾಯ್ತು ಮಗಳೇ" ಎಂದೆ. ಅವಳು ಚಮಚ ಎತ್ತಿಕೊಂಡು ಮತ್ತೆ ಊಟ ಮಾಡತೊಡಗಿದಳು.

ನಿನ್ನ ಮಗ